ನಾನು ಆರಿಸಿದ ಕ್ರೀಮ್ ಫ್ಯಾಕ್ಟರಿ

ಜನವರಿ 5, 2025, ಭಾನುವಾರ

ಪಶು ಆಹಾರದ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ. ಹೋದ ವರ್ಷದ್ದನ್ನು ನನ್ನ ಹೆಂಡತಿ ಧನಲಕ್ಷ್ಮಿ ಬಿಸಿ ಪಾತ್ರೆ ಇಡಲು ಬಳಸಿ ಮುಗಿಸಿದಳು. ಈ ವರ್ಷದ್ದನ್ನು ನಾನೇ ಬರೆಯುತ್ತೇನೆ. ಬರೆದಿಡುವಂಥ ಕೆಲಸವೊಂದು ಕೈಗೆ ಬಂದಿದೆ.

ತೀರಿಹೋದ ನನ್ನ ಅಣ್ಣನ ಮಗಳು ಸುಪ್ರಿಯಾ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿಕೊಂಡು, ದುರ್ಗಿಗುಡಿಯಲ್ಲಿ ಒಂಬತ್ತು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾಳೆ. ಈಗ ತನ್ನದೇ ಹೆಸರಿನ ಮುಖದ ಕ್ರೀಮ್ ತರುತ್ತಾಳಂತೆ. ಹಂಡೆಯಲ್ಲಿ ಅವಳೇ ಕಲಸುತ್ತಾಳೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಫ್ಯಾಕ್ಟರಿಯವರು ಮಾಡಿ ಕೊಡುತ್ತಾರೆ, ನಾವು ನಮ್ಮ ಲೇಬಲ್ ಅಂಟಿಸುತ್ತೇವೆ. ಪ್ರೈವೇಟ್ ಲೇಬಲ್ ಎನ್ನುತ್ತಾರೆ. ಅಂದರೆ ಹಸು ಅವರದು, ಕೊರಳ ಗಂಟೆ ನಮ್ಮದು.

"ಚಿಕ್ಕಪ್ಪ, ಎರಡು ಕಡೆ ಹೋಗಿ ನೋಡಬೇಕು. ಬರ್ತೀರಾ? ನಿಮ್ಮ ಹತ್ರ ಬೈಕ್ ಇದೆಯಲ್ಲ" ಎಂದಳು. ನನ್ನ ಅನುಭವ ಬೇಕಾಗಿದೆ ಎಂದು ನೇರವಾಗಿ ಹೇಳಲು ಸಂಕೋಚ, ಪಾಪ.

ಮೂವತ್ತೆರಡು ವರ್ಷ ಎತ್ತಿನ ದಲ್ಲಾಳಿಯಾಗಿದ್ದವನು ನಾನು. ಮಲವಗೊಪ್ಪದ ಕೊಟ್ರಬಸಪ್ಪ ಎಂದರೆ ತರೀಕೆರೆಯಿಂದ ಹರಿಹರದವರೆಗೆ ಎತ್ತುಗಳಿಗೂ ಗೊತ್ತಿತ್ತು. ಬಾಯಿ ತೆರೆಸದೆ, ಮೇವು ಅಗಿಯುವ ಸದ್ದು ಕೇಳಿಯೇ ಎಷ್ಟು ಹಲ್ಲೆಂದು ಹೇಳುತ್ತಿದ್ದೆ. ಓದಿನಲ್ಲೂ ಕಡಿಮೆಯಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸನ್ನು ಮೂರು ಸಲ ಓದಿದ್ದೇನೆ, ಸೇರಿಸಿದರೆ ಒಂಬತ್ತಾಗುತ್ತದೆ.

ಸುಪ್ರಿಯಾಳಿಗೆ ಮೊದಲ ಪಾಠ ಇವತ್ತೇ ಹೇಳಿಕೊಟ್ಟೆ. "ಮಾರೋ ಎತ್ತು ನೋಡಬೇಡ ಮಗಳೇ. ಅದರ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿರ್ತಾರೆ. ಕೊಟ್ಟಿಗೆಗೆ ಹೋಗಿ, ಮಾರದೆ ಮನೆಗೆ ಅಂತ ಇಟ್ಕೊಂಡಿರೋ ಎತ್ತು ನೋಡು. ಆಗ ಆಸಾಮಿ ಗೊತ್ತಾಗ್ತಾನೆ." ಅವಳು ಅದನ್ನು ಫೋನಿನಲ್ಲಿ ಬರೆದುಕೊಂಡಳು.

"ಒಂದೇ ಒಂದು ಮುಖ ಸುಟ್ರೂ ಮುಗೀತು ಚಿಕ್ಕಪ್ಪ. ಒಂಬತ್ತು ವರ್ಷದಿಂದ ಜನ ನನ್ನ ಮುಂದೆ ಕಣ್ಣು ಮುಚ್ಕೊಂಡು ಕೂರ್ತಿದಾರೆ. ಆಮೇಲೆ ಯಾರೂ ಮುಚ್ಚಲ್ಲ" ಎಂದಳು.

ನಾನಿರುವಾಗ ಹೆದರಿಕೆ ಯಾಕೆ ಎಂದೆ.

ಒಂದು ವಿಷಯ ಬರೆದಿಡಬೇಕು. ಪಾರ್ಲರಿನಲ್ಲಿ ಎರಡು ಮೆತ್ತನೆಯ ಕುರ್ಚಿಗಳಿವೆ. ನನ್ನನ್ನು ಬಾಗಿಲ ಬಳಿ, ಒಂದು ಕಾಲು ಗಿಡ್ಡವಿರುವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದಳು.

ಜನವರಿ 9, ಗುರುವಾರ

ಭದ್ರಾವತಿಗೆ ಹೋಗಿ ಬಂದೆವು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡು. ಬೋರ್ಡು ನಮ್ಮ ಹಾಲಿನ ಡೇರಿಯದಕ್ಕಿಂತ ಚಿಕ್ಕದು. ನಡೆಸುವವಳು ಗುಲ್ಷನ್ ಎಂಬ ಹೆಂಗಸು, ಮೂವತ್ತೈದೋ ಮೂವತ್ತಾರೋ ಇರಬಹುದು. ಕೆಮಿಸ್ಟ್ರಿ ಓದಿದ್ದಾಳೆ. ಬಿಳಿ ಕೋಟು. ಟೀ ಬೇಕೇ ಎಂದು ಕೇಳಲಿಲ್ಲ. ಹೇಳಿದ್ದು ಚಪ್ಪಲಿ ಬಿಡಿ, ಕೈ ತೊಳೆಯಿರಿ, ಟೋಪಿ ಹಾಕಿ ಎಂದು. ಆಮೇಲೆ ಬಲೆಯಂಥದ್ದೊಂದನ್ನು ಕೊಟ್ಟು, "ಇದು ಮೀಸೆಗೆ ಅಂಕಲ್" ಎಂದಳು.

ಈ ಮೀಸೆ ನೋಡಿ ಜನ ಎತ್ತು ಕೊಂಡಿದ್ದಾರೆ ಎಂದೆ.

"ನಿಮ್ಮ ಮೀಸೆನ ನಾನೂ ನಂಬ್ತೀನಿ ಅಂಕಲ್. ಅದರಿಂದ ಉದುರೋ ಕೂದಲನ್ನ ನಂಬಲ್ಲ."

ಅಷ್ಟರಲ್ಲಿ ಮೆಷಿನ್ನಿನ ಅಡಿಯಿಂದ ಸ್ಪ್ಯಾನರ್ ಹಿಡಿದ ಮುದುಕನೊಬ್ಬ ಹೊರಬಂದ. ಗುಲ್ಷನ್‌ಳ ತಂದೆಯಂತೆ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ಹೆಸರು ರಸೂಲ್ ಸಾಬ್. ಅವನು ನನ್ನ ಕಡೆ ತಿರುಗುವ ಮೊದಲೇ ಬೈಕು ಬಿಸಿಲಲ್ಲಿದೆ ಎಂದು ನನಗೆ ನೆನಪಾಯಿತು. ಹೊರಗೆ ಹೊಂಗೆ ಮರದ ಹಿಂದೆ ಒಂದೂವರೆ ಗಂಟೆ ಕೂತಿದ್ದೆ. ಕಾರಣ ಮೀಸೆ.

ಸುಪ್ರಿಯಾ ಕಾಗದದ ಕಟ್ಟು ಹಿಡಿದುಕೊಂಡು ಹಿಗ್ಗಿ ಹೊರಬಂದಳು. ಲೈಸನ್ಸು, ಪರೀಕ್ಷೆಯ ವರದಿ, ಯಾವ ದಿನ ಯಾವ ಹಂಡೆಯಲ್ಲಿ ಏನು ಬಿತ್ತು ಎಂಬ ಪುಸ್ತಕ, ಎಲ್ಲವನ್ನೂ ಗುಲ್ಷನ್ ತೋರಿಸಿದಳಂತೆ. ಕೆಟ್ಟುಹೋದ ಸರಕಿನ ಪುಸ್ತಕವನ್ನೂ ತೋರಿಸಿದಳಂತೆ. ಎತ್ತು ಒದೆಯುತ್ತದೆ ಎಂದು ಮಾಲೀಕನೇ ಬೋರ್ಡು ಬರೆಸಿ ಅದರ ಕೊರಳಿಗೆ ಕಟ್ಟಿದಂತಾಯಿತು ಇದು. ಇಂಥವರ ಹತ್ತಿರ ವ್ಯಾಪಾರ ಹೇಗೆ ಮಾಡುವುದು?

"ನೀವು ಹೇಳಿದ ಹಾಗೇ ಕೇಳ್ದೆ ಚಿಕ್ಕಪ್ಪ, ಮನೆಗೇನು ಬಳಸ್ತೀರಾ ಅಂತ. ಊಟದ ಬ್ಯಾಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದ್ರು. ಲೇಬಲ್ಲೇ ಇಲ್ಲ. ಇದೇ ಕ್ರೀಮು, ಒಳಗೆ ಬೆರಳಿನ ಗುರುತು."

ಡಬ್ಬಿ ಎಂದಮೇಲೆ ಬೆರಳಿನ ಗುರುತು ಇದ್ದೇ ಇರುತ್ತದೆ ಎಂದೆ. ಬೆಳ್ಳಗಾಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲವಂತೆ. ಡಬ್ಬಿಯ ಮೇಲೆ ಹಾಗೆ ಬರೆಯಲೂ ಬಿಡುವುದಿಲ್ಲವಂತೆ. ಮೇಲಾಗಿ ಸಾವಿರ ಡಬ್ಬಿಗಿಂತ ಕಡಿಮೆ ಮಾಡಿದರೆ ಅವರಿಗೆ ಗಿಟ್ಟುವುದಿಲ್ಲ. ಸುಪ್ರಿಯಾಳಿಗೆ ಬೇಕಾಗಿರುವುದು ಮುನ್ನೂರು.

ಭದ್ರಾವತಿ ಬೇಡ ಎಂದು ಅಲ್ಲೇ ತೀರ್ಪು ಕೊಟ್ಟೆ.

ರಸೂಲ್ ಸಾಬಿಗೆ 2004ರಲ್ಲಿ ಒಂದು ಎತ್ತು ಕೊಡಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜನವರಿ 13, ಸೋಮವಾರ

ಇವತ್ತು ನೋಡಿದ್ದು ಫ್ಯಾಕ್ಟರಿ! ಶಿವಮೊಗ್ಗದ ಹೊರಗೆ ಬೈಪಾಸಿನ ಆಚೆ, 'ಹಾಲ್ಬೆಳಕು ಕಾಸ್ಮೆಟಿಕ್ಸ್'. ಮಾಲೀಕ ಹರಿಪ್ರಸಾದ್ ಬಾಗಿಲವರೆಗೆ ಬಂದು "ಬನ್ನಿ ಯಜಮಾನ್ರೇ" ಎಂದ. ಸೋಫಾ. ಬಾದಾಮಿ ಹಾಲು. ನಾಳೆ ಸಂಕ್ರಾಂತಿ ಎಂದು ಎಳ್ಳುಬೆಲ್ಲ. ನನ್ನ ಹೆಗಲಿಗೆ ಒಂದು ಶಾಲು. ಮೀಸೆಯ ಸುದ್ದಿಗೆ ಯಾರೂ ಬರಲಿಲ್ಲ.

ಕ್ರೀಮ್ ಕಲಸುವ ಜಾಗ ಬೇರೆ ಕಡೆ ಇದೆಯಂತೆ. ಅದನ್ನು ಗೋಡೆಯಷ್ಟು ಅಗಲದ ಟಿವಿಯಲ್ಲಿ ತೋರಿಸಿದ. ಹೋಗಿ ನೋಡುವುದಕ್ಕಿಂತ ಚೆನ್ನಾಗಿ ಕಂಡಿತು.

ಸುಪ್ರಿಯಾ ಲೈಸನ್ಸ್ ಕೇಳಿದಳು. "ಫ್ರೇಮ್ ಹಾಕ್ಸೋಕೆ ಕೊಟ್ಟಿದೀನಮ್ಮ" ಎಂದ. ಫ್ರೇಮ್ ಹಾಕಲು ಟೈಮ್ ಹಿಡಿಯುತ್ತದೆ. ನಮ್ಮ ಮದುವೆ ಫೋಟೋಗೆ ನಾಲ್ಕು ತಿಂಗಳು ಹಿಡಿದಿತ್ತು. ಪರೀಕ್ಷೆಯ ವರದಿ ಕೇಳಿದಳು. ಅವನು ಒಬ್ಬ ಹುಡುಗಿಯ ಎರಡು ಫೋಟೋ ತೋರಿಸಿದ. ಒಂದರಲ್ಲಿ ಕಪ್ಪಗಿದ್ದಾಳೆ, ಇನ್ನೊಂದರಲ್ಲಿ ಬೆಳ್ಳಗಿದ್ದಾಳೆ. ಏಳೇ ದಿನಕ್ಕಂತೆ. ಇದಕ್ಕಿಂತ ವರದಿ ಏನು ಬೇಕು?

ಅವನ ಮಗಳು ರಕ್ಷಾ ಅದೇ ಆಫೀಸು ನೋಡಿಕೊಳ್ಳುತ್ತಾಳೆ. ಲೋಟ ತಂದಿಟ್ಟಳು. ನನ್ನ ಪಾಠ ನಾನು ಮರೆತಿರಲಿಲ್ಲ, ಅವಳ ಮುಖ ನೋಡಿದೆ. ನೇರಳೆ ಹಣ್ಣಿನಂಥ ಬಣ್ಣ, ಒಂದು ಮಚ್ಚೆಯಿಲ್ಲ.

"ನೀನು ನಿಮ್ಮ ಕ್ರೀಮ್ ಹಚ್ಚಲ್ವೇನಮ್ಮ?"

"ನಂಗೆ ಒಗ್ಗಲ್ಲ ಅಂಕಲ್" ಎಂದು ಅಪ್ಪನ ಮುಖ ನೋಡಿದಳು.

ಹರಿಪ್ರಸಾದ್ ಜೋರಾಗಿ ನಕ್ಕ. "ದೀಪದ ಬುಡ ಕತ್ತಲು ಯಜಮಾನ್ರೇ!" ನಾನೂ ನಕ್ಕೆ. ಸುಪ್ರಿಯಾ ನಗಲಿಲ್ಲ. ಬಾದಾಮಿ ಹಾಲು ಗಟ್ಟಿಯಾಗಿತ್ತು.

ದಾರಿಯಲ್ಲಿ ಹಿಂದೆ ಕೂತವಳು "ಭದ್ರಾವತೀನೇ ಸರಿ ಅನ್ಸುತ್ತೆ" ಎಂದಳು. ಗಾಳಿಯಲ್ಲಿ ನನಗೆ ಕೇಳಿಸಲಿಲ್ಲ.

ಜನವರಿ 17, ಶುಕ್ರವಾರ

ಒಬ್ಬನೇ ಹೋಗಿ ವ್ಯಾಪಾರ ಮುಗಿಸಿ ಬಂದೆ.

ಹರಿಪ್ರಸಾದನಿಗೆ ಟವೆಲ್ ವ್ಯಾಪಾರ ಗೊತ್ತಿರಲಿಲ್ಲ, ನಾನೇ ಕಲಿಸಿದೆ. ಇಬ್ಬರೂ ಬಲಗೈ ಹಿಡಿಯಬೇಕು, ಮೇಲೆ ಟವೆಲ್ ಮುಚ್ಚಬೇಕು, ಬಾಯಿಂದ ಒಂದು ಮಾತೂ ಬರಬಾರದು. ಹಿಡಿದ ಬೆರಳೇ ಲೆಕ್ಕ. ಸಂತೆಯಲ್ಲಿ ಸುತ್ತ ನೂರು ಜನ ನಿಂತಿದ್ದರೂ ಏನು ನಡೆಯಿತೆಂದು ಯಾರಿಗೂ ತಿಳಿಯುವುದಿಲ್ಲ. ಎರಡು ಬೆರಳು ಒತ್ತಿದ, ಎರಡು ಸಾವಿರ ಡಬ್ಬಿ. ನಾನೂ ಒತ್ತಿದೆ. ವೀಳ್ಯದೆಲೆ ಬದಲಾಯಿಸಿಕೊಂಡೆವು.

ಲೇಬಲ್ಲಿಗೆ ಹೆಸರು, ವಿಳಾಸ, ಫೋನ್ ನಂಬರು ಬೇಕೆಂದ. ಕೊಟ್ಟೆ. 'ಸುಪ್ರಿಯಾ ಗ್ಲೋ, ದುರ್ಗಿಗುಡಿ, ಶಿವಮೊಗ್ಗ.' ನನ್ನ ಫೋಟೋ ಹಾಕುತ್ತೀರಾ ಎಂದು ಕೇಳಿದ್ದಕ್ಕೆ, ಮುಂದಿನ ಸಲ ಎಂದ.

ಸುಪ್ರಿಯಾಳಿಗೆ ಈಗಲೇ ಹೇಳುವುದಿಲ್ಲ. ಸರಕು ಬಂದ ದಿನ ತಟ್ಟೆಯಲ್ಲಿಟ್ಟು ಕೊಡುತ್ತೇನೆ. ಹೆಣ್ಣುಮಕ್ಕಳು ಕಾಗದ ಓದುತ್ತಾ ಕೂತರೆ ಮುಹೂರ್ತ ಮೀರುತ್ತದೆ.

ಟವೆಲ್ ಕೆಳಗೆ ಕೊಟ್ಟ ಮಾತು ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ತಿರುಗಿಲ್ಲ. ತಿರುಗಿಸಿ ಎಂದು ಬಂದವರನ್ನು ವಾಪಸು ಕಳಿಸಿದ್ದೇನೆ.

ಒಂದು ಡಬ್ಬಿ ನನಗೇ ಎಂದು ಕೊಟ್ಟ. ಇವತ್ತಿನಿಂದಲೇ ಹಚ್ಚುತ್ತೇನೆ.

ಜನವರಿ 20, ಸೋಮವಾರ

ಹಣೆ ಬೆಳ್ಳಗಾಗಿದೆ. ಧನಲಕ್ಷ್ಮಿ ನೋಡಿ, "ಸುಲಿದ ಈರುಳ್ಳಿ ಇದ್ದ ಹಾಗಿದೀರಾ" ಎಂದಳು. ಹೊಗಳುವುದು ಅವಳಿಗೆ ಮೊದಲಿನಿಂದಲೂ ಬರುವುದಿಲ್ಲ.

ಜನವರಿ 26, ಭಾನುವಾರ

ಹಾಲಿನ ಡೇರಿಯ ಮುಂದೆ ಬಾವುಟ ಹಾರಿಸಿದೆವು. ಎಲ್ಲರೂ ಬಾವುಟ ಬಿಟ್ಟು ನನ್ನನ್ನೇ ನೋಡಿದರು. ಡೇರಿಯ ಕಲ್ಲಪ್ಪ, "ಏನ್ ಮಾರಾಯ, ಎರಡನೇ ಮದುವೆಯಾ?" ಎಂದು ಕೇಳಿದ. ಒಂದೇ ಕೊರತೆಯೆಂದರೆ ಕ್ರೀಮು ಕತ್ತಿಗೆ ಸಾಲುತ್ತಿಲ್ಲ. ಕತ್ತಿನಿಂದ ಮೇಲೆ ಹರಿಪ್ರಸಾದ್, ಕೆಳಗೆ ಕೊಟ್ರಬಸಪ್ಪ.

ಮಧ್ಯಾಹ್ನ ಪಾರ್ಲರಿಗೆ ಹೋಗಿದ್ದೆ. ಸುಪ್ರಿಯಾ ದೀಪದ ಕೆಳಗೆ ನನ್ನ ಮುಖ ತಿರುಗಿಸಿ ನೋಡಿದಳು.

"ಏನು ಹಚ್ತಿದೀರಾ ಚಿಕ್ಕಪ್ಪ?"

"ಕಡಲೆಹಿಟ್ಟು."

"ಕಡಲೆಹಿಟ್ಟಿಗೆ ಹೀಗಾಗಲ್ಲ."

"ನಮ್ಮ ಹೊಲದ ಕಡಲೆ" ಎಂದೆ. ನಮ್ಮ ಹೊಲದಲ್ಲಿ ಕಡಲೆ ಬೆಳೆಯುವುದಿಲ್ಲವೆಂದು ಅವಳಿಗೆ ಗೊತ್ತು. ಆಗ ಗಿರಾಕಿ ಬಂದದ್ದರಿಂದ ಸುಮ್ಮನಾದಳು.

ಫೆಬ್ರವರಿ 4, ಮಂಗಳವಾರ

ಡಬ್ಬಿ ಮುಗಿಯಿತು. ಇನ್ನೊಂದಕ್ಕೆ ಹರಿಪ್ರಸಾದನಿಗೆ ಫೋನ್ ಮಾಡಿದೆ. ಸರಕು ತಯಾರಾಗುತ್ತಿದೆ, ಲೇಬಲ್ ಪ್ರಿಂಟಾಗಿ ಬಂದಿದೆ, ಎಲ್ಲ ಒಟ್ಟಿಗೇ ಕೊಡುತ್ತೇನೆ ಎಂದ.

ಫೆಬ್ರವರಿ 8, ಶನಿವಾರ

ಮುಖಕ್ಕೆ ಮೆಣಸಿನಕಾಯಿ ಅರೆದು ಮೆತ್ತಿದಂತಿದೆ. ಗಾಳಿ ತಾಕಿದರೂ ಉರಿ. ಕೆನ್ನೆಯ ತುಂಬ ಕೆಂಪು ಗುಳ್ಳೆಗಳು, ಮೀಸೆಯ ಬುಡದಲ್ಲೂ. ಕನ್ನಡಿಯಲ್ಲಿ ನೋಡಿಕೊಂಡೆ. ಬಾಯಿಬೇನೆ ಬಂದ ಹೋರಿಯನ್ನು ಈ ಸ್ಥಿತಿಯಲ್ಲಿ ನಾನು ಸಂತೆಯ ಬೇಲಿಯೊಳಗೇ ಬಿಡುತ್ತಿರಲಿಲ್ಲ.

ಧನಲಕ್ಷ್ಮಿ ಒದ್ದೆ ಬಟ್ಟೆ ಹಾಕಿ ಹಾಕಿ ತೆಗೆದಳು. ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

ಫೆಬ್ರವರಿ 10, ಸೋಮವಾರ

ಧನಲಕ್ಷ್ಮಿ ಫೋನ್ ಮಾಡಿದ್ದರಿಂದ ಸುಪ್ರಿಯಾ ಬಂದು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ನನ್ನನ್ನು ಕೂರಲು ಹೇಳುವ ಮೊದಲೇ, "ಬೆಳ್ಳಗಾಗೋ ಕ್ರೀಮ್ ಎಷ್ಟು ದಿನ ಹಚ್ಚಿದ್ರಿ?" ಎಂದು ಕೇಳಿದರು. ಖಾಲಿ ಡಬ್ಬಿಯ ತಳ ಕೆರೆದು ಪರೀಕ್ಷೆಗೆ ಕಳಿಸಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದೇ ಇರುತ್ತದೆ, ಹಚ್ಚುವುದು ನಿಲ್ಲಿಸಿದ ಕೂಡಲೇ ಹೀಗೆ ಉರಿಯೇಳುತ್ತದೆ, ಪಾದರಸವೂ ಇರಬಹುದು, ಮೂರು ತಿಂಗಳು ಬಿಸಿಲಿಗೆ ಹೋಗಬೇಡಿ ಎಂದರು. ವಾರಕ್ಕೆ ಇಂಥ ಹತ್ತು ಮುಖ ಬರುತ್ತವಂತೆ, ಹೆಚ್ಚಿನವು ಮದುವೆಗೆ ನಿಂತ ಹುಡುಗಿಯರವು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸುಪ್ರಿಯಾಳಿಗೆ ಎಲ್ಲ ಹೇಳಿದೆ. ಟವೆಲ್ ಹೇಳಿದೆ, ವೀಳ್ಯ ಹೇಳಿದೆ, ಎರಡು ಸಾವಿರ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಹೆಸರು ಕೊಟ್ಟಿದೀರಾ?"

"ಕೊಟ್ಟಿದೀನಿ."

"ನನ್ನ ನಂಬರೂ?"

"ಲೇಬಲ್ ಪ್ರಿಂಟಾಗಿದೆಯಂತೆ."

ಅವಳು ಎದ್ದು ಹೋಗಿ ನನ್ನ ಮುಲಾಮು ತಂದಳು. ಯಾವುದನ್ನು ಬೆಳಿಗ್ಗೆ ಹಚ್ಚಬೇಕು, ಯಾವುದನ್ನು ಸಂಜೆ ಎಂದು ಟ್ಯೂಬಿನ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟಳು. ಬಸ್ಸು ಹತ್ತಿಸುವಾಗ ಮಾತ್ರ, "ನಾವು ತಗೊಳ್ಳದೆ ಇದ್ರೂ ಆ ಮನುಷ್ಯ ನನ್ನ ಹೆಸರಲ್ಲೇ ಮಾರ್ತಾನಲ್ವಾ ಚಿಕ್ಕಪ್ಪ?" ಎಂದಳು. ಕೇಳುತ್ತಿದ್ದಾಳೋ ಹೇಳುತ್ತಿದ್ದಾಳೋ ಗೊತ್ತಾಗಲಿಲ್ಲ.

ಫೆಬ್ರವರಿ 11, ಮಂಗಳವಾರ

ಊಟ ಸೇರಲಿಲ್ಲ.

ಫೆಬ್ರವರಿ 13, ಗುರುವಾರ

ಮುಖಕ್ಕೆ ಧನಲಕ್ಷ್ಮಿಯ ಹಳೆ ಸೀರೆಯ ಸೆರಗು ಸುತ್ತಿಕೊಂಡು ಬೈಕಿನಲ್ಲಿ ಹಾಲ್ಬೆಳಕಿಗೆ ಹೋದೆ. ಸೆರಗು ಬಿಚ್ಚಿದೆ. ಹರಿಪ್ರಸಾದ್ ಟಿವಿ ನೋಡಿದ.

"ವ್ಯಾಪಾರ ಬೇಡ. ಲೇಬಲ್ ಕೊಡು" ಎಂದೆ.

"ಯಜಮಾನ್ರೇ, ಮಾತು ಅಂದ್ರೆ ಮಾತು. ಟವೆಲ್ ನಿಮ್ಮದೇ, ಬೆರಳೂ ನಿಮ್ಮದೇ. ಕಲಿಸಿದ್ದೂ ನೀವೇ."

ಈ ಮಾತು ಎಲ್ಲೋ ಕೇಳಿದ್ದೇನೆ ಎನಿಸಿತು. ಕೇಳಿದ್ದಲ್ಲ, ಹೇಳಿದ್ದು. 2004ರಲ್ಲಿ, ಸಂತೆ ಮೈದಾನದಲ್ಲಿ, ಭದ್ರಾವತಿಯಿಂದ ಎತ್ತು ಹಿಡಿದುಕೊಂಡು ನಡೆದು ಬಂದ ಒಬ್ಬ ಮನುಷ್ಯನಿಗೆ. ದಾರಿಯಲ್ಲಿ ಅದು ಮೂರು ಸಲ ಮಲಗಿತಂತೆ. ನೊಗ ಕಂಡರೆ ಮಲಗುವ ಎತ್ತು ಅದು. ನನಗೆ ಗೊತ್ತಿತ್ತು.

ನಮ್ಮ ವ್ಯಾಪಾರದಲ್ಲಿ ಒಂದು ಕಾನೂನಿದೆ. ಮುಚ್ಚಿಟ್ಟ ದೋಷ ಹೊರಬಿದ್ದರೆ ಟವೆಲಿನ ಮಾತು ಸತ್ತಂತೆ. ದಲ್ಲಾಳಿಗಳು ಅದನ್ನು ಯಾರಿಗೂ ಹೇಳುವುದಿಲ್ಲ. ನಾನೂ ಅವತ್ತು ಹೇಳಿರಲಿಲ್ಲ.

ಮೇಜಿನ ಮೇಲಿದ್ದ ಒಂದು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟೆ. "ಎರಡಲ್ಲ, ನಾಲ್ಕು ಸಾವಿರ ತಗೊಳ್ತೀನಿ. ಒಂದು ಬೆರಳಷ್ಟು ನಿನ್ನ ಮಗಳ ಕೆನ್ನೆಗೆ ಹಚ್ಚು. ನನ್ನ ಎದುರಿಗೆ."

"ಅವಳಿಗೆ ಒಗ್ಗಲ್ಲ ಅಂತ ಅವತ್ತೇ..."

"ಹಚ್ಚಿ ಅಪ್ಪ" ಎಂದಳು ರಕ್ಷಾ. ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ತಟ್ಟೆ ಕೆಳಗಿಟ್ಟು ಬಂದು ಅವನ ಪಕ್ಕ ನಿಂತು ಕೆನ್ನೆ ಒಡ್ಡಿದಳು. "ನಾಲ್ಕು ಸಾವಿರ ಅಂತಿದಾರಲ್ಲ. ಹಚ್ಚಿ."

ಹರಿಪ್ರಸಾದನ ಕೈ ಡಬ್ಬಿಯ ಕಡೆ ಹೋಯಿತು. ಹೋಗಿ ಮುಚ್ಚಳ ಹಾಕಿತು. ಗಟ್ಟಿಯಾಗಿ ತಿರುಗಿಸಿತು.

ಲೇಬಲ್ಲಿನ ಸುರುಳಿಗಳನ್ನು ರಕ್ಷಾಳೇ ಒಳಗಿಂದ ತಂದು ನನ್ನ ಚೀಲಕ್ಕೆ ಹಾಕಿದಳು. ಪ್ರಿಂಟಿನವನಿಗೆ ಕೊಟ್ಟಿದ್ದ ಹೆಸರನ್ನು ಕಂಪ್ಯೂಟರಿನಿಂದ ಅಳಿಸಿಯೂ ತೋರಿಸಿದಳು. "ಹೋಗಿ ಬನ್ನಿ ಅಂಕಲ್. ಮುಖ ಮುಚ್ಕೊಳ್ಳಿ, ಬಿಸಿಲಿದೆ."

ಒಂದು ಸುರುಳಿಯನ್ನು ಸುಪ್ರಿಯಾಳಿಗೆ ಕೊಟ್ಟೆ. ಅವಳು ಅದನ್ನೂ ಡಬ್ಬಿಯ ಪರೀಕ್ಷೆಯ ವರದಿಯನ್ನೂ ಇಟ್ಟು ಔಷಧ ನಿಯಂತ್ರಣದವರಿಗೆ ದೂರು ಬರೆಯುತ್ತಾಳಂತೆ. ಸುಟ್ಟ ಮುಖ ನನ್ನದಾದ್ದರಿಂದ ಸಹಿಯೂ ನನ್ನದೇ. ಉಳಿದವು ನೀರೊಲೆಗೆ ಹೋದವು. 'ಸುಪ್ರಿಯಾ ಗ್ಲೋ' ಚೆನ್ನಾಗಿ ಉರಿಯಿತು.

ಫೆಬ್ರವರಿ 16, ಭಾನುವಾರ

ಭದ್ರಾವತಿಗೆ ಒಬ್ಬನೇ ಹೋದೆ. ಸಾವಿರ ಡಬ್ಬಿ ಎನ್ನುವುದನ್ನು ಮುನ್ನೂರಕ್ಕೆ ಇಳಿಸಿ ಸುಪ್ರಿಯಾಳಿಗೆ ಕೊಡಬೇಕು, ಅಷ್ಟಾದರೂ ನನ್ನ ಕೈಯಲ್ಲಿ ಆಗಬೇಕು ಎಂದು ಹೋದದ್ದು. ಬೇರೆ ಉದ್ದೇಶವಿರಲಿಲ್ಲ.

ರಜೆ. ಶೆಡ್ಡಿನ ಮುಂದೆ ಹೊಂಗೆ ಮರದ ಕೆಳಗೆ ರಸೂಲ್ ಸಾಬ್ ಒಬ್ಬನೇ ಕೂತು ಪಂಪು ಬಿಚ್ಚುತ್ತಿದ್ದ.

"ಅರೆ, ದಲ್ಲಾಳಿ! ಹೋದ ಸಲ ಇದೇ ಮರದ ಹಿಂದೆ ಅಡಗಿದ್ದೆಯಲ್ಲ. ಹೊಟ್ಟೆ ಆ ಕಡೆಯಿಂದ ಕಾಣ್ತಿತ್ತು."

ಕೂತೆ. ಸೆರಗು ಬಿಚ್ಚಿದೆ. ಅವನು ನನ್ನ ಮುಖ ನೋಡಿ, ಸರಿದು ನೆರಳಿನಲ್ಲಿ ಜಾಗ ಬಿಟ್ಟ.

"ಆ ಎತ್ತು ಮಲಗುತ್ತೆ ಅಂತ ನಂಗೆ ಗೊತ್ತಿತ್ತು ಸಾಬ್ರೆ" ಎಂದೆ.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಮಾರಾಯ."

ಪಂಪಿನಿಂದ ಒಂದು ಬೋಲ್ಟು ತೆಗೆದು ಬಟ್ಟೆಯ ಮೇಲಿಟ್ಟ.

"ಏನು ಮಾಡಿದ್ರಿ ಅದನ್ನ?"

"ಏನ್ ಮಾಡೋದು? ಮಾರಬೇಕಂದ್ರೆ ನಾನೂ ನಿನ್ನ ಹಾಗೇ ಸುಳ್ಳು ಹೇಳ್ಬೇಕು. ಮನೇಲೇ ಇತ್ತು. ಹನ್ನೊಂದು ವರ್ಷ, ಹಿತ್ತಿಲಲ್ಲಿ ಮಲಗೇ ಇತ್ತು. ನಮ್ಮ ಗುಲ್ಷನ್ ಅದಕ್ಕೆ ಒರಗಿ ಕೂತು ಓದ್ತಿದ್ಲು. ಹತ್ತನೇ ಕ್ಲಾಸಿಂದ ಎಂಎಸ್ಸಿವರೆಗೂ ಅದೇ ದಿಂಬು. ಅಲ್ಲಾಡ್ತಾನೇ ಇರ್ಲಿಲ್ಲ ನೋಡು."

ಅಂದರೆ ಆ ಹುಡುಗಿ ಕೆಮಿಸ್ಟ್ ಆಗಿದ್ದಕ್ಕೆ ನಾನು ಕೊಡಿಸಿದ ಎತ್ತೇ ಕಾರಣ. ಇದನ್ನು ರಸೂಲ್ ಸಾಬಿಗೂ ಹೇಳಿದೆ. ಅವನು ಸ್ಪ್ಯಾನರ್ ಎತ್ತಿ ತೋರಿಸಿದ.

ಆಮೇಲೆ ವ್ಯಾಪಾರದ ಮಾತು ತೆಗೆದೆ. ಹೆಗಲ ಮೇಲಿನ ಟವೆಲ್ ಹಾಸಿ ಕೈ ಚಾಚಿದೆ. ಅವನ ಕೈಗೆಲ್ಲ ಗ್ರೀಸು. ಒರೆಸಿಕೊಂಡು ಟವೆಲಿನೊಳಗೆ ಇಟ್ಟ. ಮೂರು ಬೆರಳು ಒತ್ತಿದೆ. ಅವನೂ ಮೂರನ್ನೇ ಒತ್ತಿದ. ಸಾವಿರದಿಂದ ಮುನ್ನೂರಕ್ಕೆ, ಒಂದೇ ಏಟಿಗೆ! ಮೂವತ್ತೆರಡು ವರ್ಷದಲ್ಲಿ ಇಂಥ ವ್ಯಾಪಾರ ಮಾಡಿರಲಿಲ್ಲ.

"ಒಪ್ಪಿಬಿಟ್ರಲ್ಲ ಸಾಬ್ರೆ! ಮಗಳನ್ನು ಕೇಳೋದಿಲ್ವಾ?"

"ಅದನ್ನ ನಿಮ್ಮ ಸುಪ್ರಿಯಾ ಬಂದು ಮೊನ್ನೆ ಶುಕ್ರವಾರವೇ ಮಾತಾಡಿ ಮುಗಿಸಿದ್ಲು. ಸಣ್ಣ ಹಂಡೆ ಒಂದು ಸುಮ್ನೆ ಬಿದ್ದಿತ್ತು. ಅದರ ಪಂಪೇ ಇದು, ರಿಪೇರಿ ಮಾಡ್ತಿರೋದು."

ವ್ಯಾಪಾರ ಎಂದೋ ಮುಗಿದಿತ್ತು. ಟವೆಲಿನ ಕೆಳಗೆ ಅವನು ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಭಾನುವಾರ, ಅವಸರವೇನೂ ಇರಲಿಲ್ಲ.

ಮಾರ್ಚ್ 17, ಸೋಮವಾರ

ಮೊದಲ ಹಂಡೆ ಕಲಸಿದರು. ಮೀಸೆಗೆ ಬಲೆ ಹಾಕಿಕೊಂಡು ಒಳಗೆ ನಿಂತಿದ್ದೆ. ಗುಲ್ಷನ್ ಅರ್ಧ ತಾಸು ಕಲಸಿ, ನಿಲ್ಲಿಸಿ, ಬೆರಳಲ್ಲಿ ತಿಕ್ಕಿ ನೋಡಿ, "ಇದು ಬೇಡ, ಮೇಣ ಸರಿಯಾಗಿ ಕರಗಿಲ್ಲ" ಎಂದು ಇಡೀ ಹಂಡೆಯನ್ನು ಪಕ್ಕಕ್ಕಿಟ್ಟು ಪುಸ್ತಕದಲ್ಲಿ ಬರೆದಳು. ಯಾರಿಗೂ ತಿಳಿಯುತ್ತಿರಲಿಲ್ಲ ಎಂದೆ. "ನಂಗೆ ತಿಳೀತಲ್ಲ ಅಂಕಲ್" ಎಂದಳು.

ಎರಡನೆಯದು ಸರಿಬಂತು. ಪರೀಕ್ಷೆಗೆ ನನ್ನ ಕೆನ್ನೆ ಕೊಡುತ್ತೇನೆ ಎಂದರೆ, ನಿಮ್ಮ ಚರ್ಮ ಇನ್ನೂ ಎರಡು ತಿಂಗಳು ಯಾವ ಪರೀಕ್ಷೆಗೂ ಲಾಯಕ್ಕಿಲ್ಲ ಎಂದರು. ನೋಡಲು ಜೊತೆಗೆ ಬಂದಿದ್ದ ಧನಲಕ್ಷ್ಮಿ ಮೊಣಕೈ ಚಾಚಿದಳು. ರಾತ್ರಿಯಾದರೂ ಅವಳಿಗೆ ಏನೂ ಆಗಲಿಲ್ಲ. ಅದನ್ನು ಇಷ್ಟರಲ್ಲೇ ನಾಲ್ಕು ಸಲ ಹೇಳಿದ್ದಾಳೆ.

ಹೆಸರು 'ಮನೆಡಬ್ಬಿ' ಎಂದು ಇಟ್ಟಿದ್ದಾಳೆ ಸುಪ್ರಿಯಾ. ನನ್ನ ಫೋಟೋ ಇಲ್ಲ. ಈಗಿನ ಮುಖದಲ್ಲಿ ಬೇಡವೆಂದು ನಾನೂ ಒತ್ತಾಯಿಸಲಿಲ್ಲ.

ಏಪ್ರಿಲ್ 2, ಬುಧವಾರ

ಯುಗಾದಿ ಕಳೆದು ಮೂರನೇ ದಿನ, ಪಾರ್ಲರಿನ ಕಿಟಕಿಯಲ್ಲಿ ಡಬ್ಬಿಗಳನ್ನು ಜೋಡಿಸಿದೆವು. ಸುಪ್ರಿಯಾ ಒಳಗೆ ಒಬ್ಬರ ಹುಬ್ಬು ತಿದ್ದುತ್ತಿದ್ದಳು. ಅಂಗಡಿ ನನ್ನ ಮೇಲೆ ಬಿಟ್ಟಿದ್ದಳು. ನಾನು ಬಾಗಿಲ ಬಳಿ, ಸ್ಟೂಲಿನ ಮೇಲೆ.

ಮೊದಲ ಗಿರಾಕಿ ಒಂದು ಹುಡುಗಿ. ಮುಂದಿನ ತಿಂಗಳು ಮದುವೆಯಂತೆ. ಡಬ್ಬಿ ಕೈಗೆತ್ತಿಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿದಳು.

"ಅಂಕಲ್, ಇದು ಹಚ್ಚಿದ್ರೆ ಬೆಳ್ಳಗಾಗ್ತೀನಾ?"

ಮೂವತ್ತೆರಡು ವರ್ಷ ಕುರುಡು ಎತ್ತಿಗೆ ಶಾಂತ ಸ್ವಭಾವ ಎಂದೂ, ಕುಂಟು ಎತ್ತಿಗೆ ಗಂಭೀರ ನಡಿಗೆ ಎಂದೂ ಹೇಳಿದ ನಾಲಿಗೆ ನನ್ನದು. ಉತ್ತರ ತುದಿಯಲ್ಲೇ ಇತ್ತು. ಒಳಗೆ ಕತ್ತರಿಯ ಸದ್ದು ನಿಂತಿತು.

"ಇಲ್ಲಮ್ಮ" ಎಂದೆ.

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

"ಮತ್ತಿನ್ನೇನಾಗುತ್ತೆ?"

"ಚರ್ಮ ಒಣಗಲ್ಲ. ಅಷ್ಟೇ."

ಹುಡುಗಿ ನನ್ನ ಕೆನ್ನೆಯ ಕಲೆಗಳನ್ನು ನೋಡಿದಳು, ಡಬ್ಬಿ ನೋಡಿದಳು, ಮುಚ್ಚಳ ಹಾಕಿ ಎಲ್ಲಿತ್ತೋ ಅಲ್ಲೇ ಇಟ್ಟು ಹೊರಟುಹೋದಳು. ಬಾಯಿ ತೆರೆದ ಮೇಲೆ ಗಿರಾಕಿ ಕೈತಪ್ಪಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಸುಪ್ರಿಯಾ ಹೊರಗೆ ಬಂದಳು. ಖಾಲಿ ರಸ್ತೆ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಎರಡು ಮೆತ್ತನೆಯ ಕುರ್ಚಿಗಳಲ್ಲಿ ಒಂದನ್ನು ಎಳೆದು ತಂದು ಕಿಟಕಿಯ ಪಕ್ಕ ಹಾಕಿ, ಸ್ಟೂಲನ್ನು ತೆಗೆದುಕೊಂಡು ಹೋದಳು.

ಕುರ್ಚಿ ಚೆನ್ನಾಗಿದೆ. ನಾಲ್ಕು ಕಾಲೂ ಸಮ ಇವೆ.